ಎಲೆತೋಟಕ್ಕೆ ಬಂದ ಗುಲಗಂಜಿ ಬೀಗರು

ಈ ಕಥೆಯನ್ನು ಮೊದಲು ಹೇಳಿದವಳು ಸವಣೂರಿನ ದಾವಲಬಿ. ಹೇಳಿದ್ದು ೧೯೪೫ರ ಶ್ರಾವಣ ಮಾಸದ ಎರಡನೆಯ ಮಂಗಳವಾರ, ಮಧ್ಯಾಹ್ನದ ಊಟವಾದ ಮೇಲೆ. ಆಗ ಅವಳಿಗೆ ಅರವತ್ತು ದಾಟಿತ್ತು. ತಿಳಿವಳಿಕೆ ಬಂದಾಗಿನಿಂದ ವೀಳ್ಯದೆಲೆ ಆರಿಸಿ ಕಟ್ಟು ಕಟ್ಟುವುದೇ ಅವಳ ಕಸುಬು. ಕೇಳಲು ಕುಳಿತವರು ಒಂಬತ್ತು ಮಂದಿ ಹೆಂಗಸರು. ಅವರೂ ಎಲೆ ಆರಿಸುವವರೇ ಆದ್ದರಿಂದ ಕೈ ನಿಲ್ಲಿಸದೆ ಕೇಳಿದರು. ಅನಂತರ ಇದೇ ಕಥೆ ಶಿಗ್ಗಾವಿಯಲ್ಲೊಮ್ಮೆ, ಹಾನಗಲ್ಲ ಕಡೆಯ ಆಡೂರಿನಲ್ಲೊಮ್ಮೆ ಕಿವಿಗೆ ಬಿದ್ದದ್ದುಂಟು. ಶಿಗ್ಗಾವಿಯವರು ಎಲೆಗಳ ಸಂಖ್ಯೆಯನ್ನು ಐನೂರಕ್ಕೆ ಏರಿಸಿದ್ದಾರೆ. ಆಡೂರಿನವರು ವರನನ್ನೇ ತಮ್ಮ ಊರಿನವನನ್ನಾಗಿ ಮಾಡಿಕೊಂಡಿದ್ದಾರೆ. ದಾವಲಬಿ ನಡೆದದ್ದನ್ನು ಕಣ್ಣಾರೆ ಕಂಡವಳಾದುದರಿಂದ ಇಲ್ಲಿ ಅವಳ ಪಾಠವನ್ನೇ ಅನುಸರಿಸಿದೆ.

ಅವಳು ಕಥೆ ಹೇಳಿದ್ದಕ್ಕೆ ಹತ್ತು ವರ್ಷ ಹಿಂದಿನ ಮಾತು. ಸವಣೂರಿನ ಹೊರವಲಯದಲ್ಲಿ ಗುದ್ಲೆಪ್ಪನೆಂಬವನ ಎಲೆತೋಟವಿತ್ತು. ನುಗ್ಗೆ ಮತ್ತು ಚೊಗಚೆ ಮರಗಳಿಗೆ ಹಬ್ಬಿಸಿದ ಬಳ್ಳಿ, ಒಳಗೆ ಕಾಲಿಟ್ಟರೆ ಮೇ ತಿಂಗಳಲ್ಲೂ ತಂಪು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡೇ ಎಲ್ಲರೂ ತೋಟದೊಳಗೆ ಹೋಗುತ್ತಿದ್ದರು. ಬಳ್ಳಿಯನ್ನು ಗುದ್ಲೆಪ್ಪನ ಮನೆಯವರು ಬಳ್ಳಿ ಎಂದು ಕರೆದದ್ದೇ ಇಲ್ಲ, ‘ಬಾಣಂತಿ’ ಎನ್ನುತ್ತಿದ್ದರು. ಗೆಣ್ಣುಗೆಣ್ಣಿಗೂ ಎಲೆ ಹೆರುವವಳು ಅವಳು. ಹೆತ್ತವಳಿಗೆ ಹೇಗೋ ಹಾಗೆಯೇ ಇವಳಿಗೂ ಪ್ರತಿ ಸೋಮವಾರ ಸಂಜೆ ಲೋಬಾನದ ಹೊಗೆ ಕೊಡಬೇಕು. ಗುದ್ಲೆಪ್ಪನ ಅಜ್ಜ ಕೊಟ್ಟಿದ್ದ, ಅಪ್ಪ ಕೊಟ್ಟಿದ್ದ, ಇವನೂ ಒಂದು ಸೋಮವಾರ ತಪ್ಪಿಸಿದವನಲ್ಲ.

ಆ ಮನೆತನದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಮಗಳ ನಿಶ್ಚಯದ ದಿನ ಗಂಡಿನ ತಾಯಿಯ ಉಡಿಗೆ ನೂರಾ ಒಂದು ಎಲೆ ಹಾಕಬೇಕು. ಎಲೆ ಸ್ವಂತ ತೋಟದ್ದಾಗಿರಬೇಕು, ಮದುವೆಯಾಗುವ ಹುಡುಗಿಯೇ ಕೊಯ್ದಿರಬೇಕು, ಒಂದರ ಮೇಲೂ ತೂತು, ಚುಕ್ಕೆ, ಮಸಿ ಇರಕೂಡದು. ಬೀಗತಿ ಒಂದೊಂದೇ ಎಲೆಯನ್ನು ಮಗುಚಿ ನೋಡಿ ಎಣಿಸಿಕೊಳ್ಳುತ್ತಾಳೆ. ಎಣಿಕೆ ಆರಂಭವಾದ ಮೇಲೆ ಎಲೆ ಬದಲಿಸುವಂತಿಲ್ಲ.

ಗುದ್ಲೆಪ್ಪನ ಒಬ್ಬಳೇ ಮಗಳು ಅನ್ನವ್ವ. ಹತ್ತೊಂಬತ್ತರ ಹುಡುಗಿ, ತಾಯಿಯಿಲ್ಲದೆ ಬೆಳೆದವಳು, ತೋಟವನ್ನು ಅಪ್ಪನಿಗಿಂತ ಚೆನ್ನಾಗಿ ಬಲ್ಲವಳು. ಹತ್ತಿಮತ್ತೂರಿನ ಉಳಿವೆಪ್ಪನೆಂಬ ರೈತನ ಮಗನೊಡನೆ ಅವಳ ಮಾತುಕತೆಯಾಗಿತ್ತು. ಅಪ್ಪ ಮಗ ಇಬ್ಬರಿಗೂ ಅಲ್ಲಿ ಒಂದೇ ಹೆಸರಿಡುವ ವಾಡಿಕೆಯಿಲ್ಲದ್ದರಿಂದ ಮಗನ ಹೆಸರು ಮಲ್ಲೇಶಪ್ಪ ಎಂದು ದಾವಲಬಿ ಇಲ್ಲಿ ನಿಂತು ಸ್ಪಷ್ಟಪಡಿಸಿದಳು. ಹುಡುಗ ಹುಡುಗಿ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದರು. ಒಪ್ಪದೆ ಉಳಿದವಳೆಂದರೆ ಹುಡುಗನ ತಾಯಿ ಮುದಕವ್ವ. ರಟ್ಟೀಹಳ್ಳಿಯಲ್ಲಿದ್ದ ತಮ್ಮನ ಮಗಳನ್ನು ತರಬೇಕೆಂಬುದು ಅವಳ ಎಣಿಕೆ. ಮಗನ ಹಟಕ್ಕೆ ಸೋತು, ಹೋಳಿ ಹುಣ್ಣಿಮೆಯೊಳಗೆ ನೂರಾ ಒಂದು ಎಲೆ ಉಡಿಗೆ ಬಿದ್ದರೆ ಸರಿ, ಬೀಳದಿದ್ದರೆ ರಟ್ಟೀಹಳ್ಳಿಗೆ ಬಂಡಿ ಕಟ್ಟುತ್ತೇನೆಂದು ಗಡುವು ಹಾಕಿದ್ದಳು.

ಅವಳ ಗಡುವಿಗೆ ಕಾರಣವಿತ್ತು. ಆ ವರ್ಷ ದೀಪಾವಳಿ ಕಳೆಯುತ್ತಲೇ ಗುದ್ಲೆಪ್ಪನ ತೋಟಕ್ಕೆ ಬಿಳಿ ನೊಣ ಬಿದ್ದಿತ್ತು. ಬಳ್ಳಿ ಮುಟ್ಟಿದರೆ ಹಿಟ್ಟು ಜಾಡಿಸಿದಂತೆ ಏಳುತ್ತಿತ್ತು. ಎಲೆಯ ಬೆನ್ನಿಗೆ ಅಂಟಿಕೊಂಡ ಅದರ ಮರಿಗಳು ರಸ ಹೀರಿ ಕೆಳಗಿನ ಎಲೆಗಳ ಮೇಲೆ ಅಂಟು ಸುರಿಸುವವು. ಆ ಅಂಟಿನ ಮೇಲೆ ಕಪ್ಪು ಮಸಿ ಕಟ್ಟುವುದು. ತಂಬಾಕಿನ ನೀರು ಹೊಡೆಯೋಣವೆಂದರೆ ಜನ ಬಾಯಿಗೆ ಹಾಕಿಕೊಳ್ಳುವ ಎಲೆ. ಬೇವಿನ ರಸ ಹಾಕಿದರೆ ಕಹಿ. ದೃಷ್ಟಿಯಾಗಿದೆಯೆಂದು ಗುದ್ಲೆಪ್ಪ ಮೆಣಸಿನಕಾಯಿ ನಿವಾಳಿಸಿದ. ಸೋಮವಾರದ ಹೊಗೆಯನ್ನು ಗುರುವಾರಕ್ಕೂ ವಿಸ್ತರಿಸಿದ. ನೊಣ ಕೆಮ್ಮಲೂ ಇಲ್ಲ ಎಂದು ದಾವಲಬಿ ಹೇಳಿದಾಗ ಕೇಳುತ್ತಿದ್ದವರು ನಕ್ಕರು.

ಎಳ್ಳಮಾವಾಸ್ಯೆಗೆ ಹತ್ತಿಮತ್ತೂರಿನವರು ಬೀಗರಾಗುವವರನ್ನು ಹೊಲಕ್ಕೆ ಕರೆದರು. ಜೋಳ ತೆನೆ ಬಿಟ್ಟು ನಿಂತಿತ್ತು. ಸಜ್ಜೆರೊಟ್ಟಿ, ಪುಂಡಿಪಲ್ಯ, ಕಡುಬು ಎಲ್ಲ ಕಲಸಿ ಭೂತಾಯಿಗೆಂದು ಹೊಲದ ಸುತ್ತ ಚರಗ ಚೆಲ್ಲಿದರು. ಬನ್ನಿಗಿಡದ ಕೆಳಗೆ ಊಟಕ್ಕೆ ಕುಳಿತಾಗ ಅನ್ನವ್ವ ಇರಲಿಲ್ಲ. ಹುಡುಕಿದರೆ ಅವಳು ಜೋಳದ ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕುಳಿತು ಒಂದು ಗರಿಯನ್ನು ಮಗುಚಿ ನೋಡುತ್ತಿದ್ದಳು. ಗರಿಯ ಬೆನ್ನಿಗೆ ಪೈರಿನ ರಸ ಹೀರುವ ಹೇನು ಮುತ್ತಿತ್ತು, ಅಂಟು ಇಳಿಯುತ್ತಿತ್ತು. ಆ ಹೇನಿನ ನಡುವೆ ಕೆಂಪು ಬೆನ್ನಿನ, ಕರಿ ಚುಕ್ಕೆಯ ಗುಲಗಂಜಿ ಹುಳಗಳು ಅವಸರವಿಲ್ಲದೆ ಓಡಾಡುತ್ತ ಹೇನು ತಿನ್ನುತ್ತಿದ್ದವು. ಮಕ್ಕಳು ಬೆರಳ ಮೇಲೆ ಹತ್ತಿಸಿಕೊಂಡು ಆಡುವ ಹುಳ ಅದು. ಅದು ಊಟ ಮಾಡುವುದನ್ನು ಅವಳು ನೋಡಿರಲಿಲ್ಲ.

ಮುದಕವ್ವ ರೊಟ್ಟಿ ಮುರಿಯುತ್ತ ಎಲ್ಲರಿಗೂ ಕೇಳುವಂತೆ ಆಡಿದಳು: “ಊಟಕ್ಕ ಬಾ ಅಂದ್ರ ಹೇನು ನೋಡ್ಕೋಂತ ಕುಂತಾಳ. ನಾಳೆ ನಮ್ಮ ತಲ್ಯಾಗೂ ನೋಡ್ತಾಳೇನ ಹಂಗಾರ?”

ಅನ್ನವ್ವ ಎದ್ದು ಬಂದು ಉಂಡಳು. ಹೇನಿನ ಅಂಟಿಗೂ ನೊಣದ ಅಂಟಿಗೂ ಏನು ವ್ಯತ್ಯಾಸ, ಹೇನು ತಿನ್ನುವ ಬಾಯಿ ನೊಣದ ಮರಿಯನ್ನು ಬೇಡವೆನ್ನುವುದೇ, ಇಷ್ಟೇ ಅವಳ ಯೋಚನೆ.

ನಿಶ್ಚಯವಾಗುವ ಮೊದಲು ಹುಡುಗಿ ಮತ್ತೆ ಗಂಡಿನ ಹೊಲಕ್ಕೆ ಹೋಗುವುದು ಸಲ್ಲದು. ಸವಣೂರಿನಿಂದ ಹತ್ತಿಮತ್ತೂರಿನ ಸಂತೆಗೆ ಎಲೆ ಹೇರಿಕೊಂಡು ಹೋಗುವ ಬಂಡಿ ಮುನಾಫನದು. ಅವನ ಮೂಲಕ ಅನ್ನವ್ವ ಮಲ್ಲೇಶಪ್ಪನಿಗೆ ಹೇಳಿಕಳಿಸಿದಳು. ಸೀರೆ ಬೇಡ, ಬಳೆ ಬೇಡ, ಒಂದು ಗಡಿಗೆ ಗುಲಗಂಜಿ ಹುಳ ಬೇಕು. ಮಲ್ಲೇಶಪ್ಪ ಮೂರು ಸಲ ಕೇಳಿ ಖಚಿತಪಡಿಸಿಕೊಂಡನಂತೆ. ಮೂರನೆಯ ಸಲ ಮುನಾಫ ತನ್ನ ಎಂದಿನ ಧಾಟಿಯಲ್ಲೇ ಉತ್ತರ ಕೊಟ್ಟ: “ನಾ ಎಲಿ ಮಾರಾಂವ, ಮಾರಾಯ. ಸುಳ್ಳ ಹೇಳೂದಿದ್ರ ಇನ್ನೊಂದೀಟು ಚಂದಂದು ಹೇಳ್ತಿದ್ನಿ.”

ಇಬ್ಬನಿ ಆರುವ ಮೊದಲು ಆ ಹುಳಗಳ ರೆಕ್ಕೆ ಏಳುವುದಿಲ್ಲ. ಮಲ್ಲೇಶಪ್ಪ ಐದು ದಿನ ಬೆಳಗಿನ ಜಾವ ಹೊಲಕ್ಕೆ ಹೋಗಿ, ಗರಿ ಬಗ್ಗಿಸಿ, ಗಡಿಗೆಯೊಳಗೆ ಮೆಲ್ಲಗೆ ಜಾಡಿಸಿಕೊಂಡ. ಹಿಡಿದ ಕೈಗೆ ಹಳದಿ ನೀರು ಬಿಡುತ್ತಿದ್ದವು. ಆ ವಾಸನೆ ಸೀಗೇಪುಡಿಗೂ ಬಗ್ಗಲಿಲ್ಲ. ಊರಿನ ಕಟ್ಟೆಯ ಮೇಲೆ ಕುಳಿತವರಿಗೆ ಅದೊಂದು ಹಬ್ಬವಾಯಿತು. ಎಲ್ಲರ ಮನೆಯ ಸೊಸೆ ಬಂಗಾರ ತೂಗುವ ಗುಲಗಂಜಿ ಕೇಳುತ್ತಾಳೆ, ಇವನ ಹುಡುಗಿ ಹಾರುವ ಗುಲಗಂಜಿ ಕೇಳಿದ್ದಾಳೆ ಎಂದು ಒಬ್ಬನೆಂದರೆ, ಕೊಟ್ಟದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲೂ ಬಾರದು ಎಂದು ಇನ್ನೊಬ್ಬ. ಮಲ್ಲೇಶಪ್ಪ ನಾಚುತ್ತಲೇ ಗಡಿಗೆಯ ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿ ಬಂಡಿಗೇರಿಸಿದ.

ಗಡಿಗೆ ಸವಣೂರು ಮುಟ್ಟಿದ್ದು ಒಂದು ಸೋಮವಾರ. ಗುದ್ಲೆಪ್ಪ ಶಾಸ್ತ್ರ ಬಿಡುವವನಲ್ಲ. ಗಡಿಗೆಗೆ ಅರಿಸಿನ ಕುಂಕುಮ ಹಚ್ಚಿದ, ತೆಂಗಿನಕಾಯಿ ಒಡೆದ, ಬಟ್ಟೆ ಬಿಚ್ಚಿ ಹುಳಗಳನ್ನು ಬಳ್ಳಿಗೆ ಬಿಟ್ಟ. ಅವು ಎಲೆ ಹತ್ತಿ ಎಲೆಯ ಬೆನ್ನಿಗೆ ಇಳಿಯತೊಡಗಿದವು. ಅನ್ನವ್ವ ಬಗ್ಗಿ ನೋಡುತ್ತಿದ್ದಳು. ಅಷ್ಟರಲ್ಲಿ ಗುದ್ಲೆಪ್ಪ, ಶುಭಕಾರ್ಯ ಅರ್ಧಕ್ಕೆ ನಿಲ್ಲಬಾರದೆಂದು, ಕೆಂಡದ ಮೇಲೆ ಎರಡು ಹಿಡಿ ಲೋಬಾನ ಸುರಿದು ತೋಟವೆಲ್ಲ ಹೊಗೆ ಮಾಡಿದ. ಬಾಣಂತಿಯ ಮನೆಗೆ ಹೊಸಬರು ಬಂದ ದಿನವೇ ಹೊಗೆ ಕೊಡದಿದ್ದರೆ ಹೇಗೆ? ಒಂದು ಗಳಿಗೆಯಲ್ಲಿ ಹುಳಗಳೆಲ್ಲ ಎದ್ದವು. ಗಾಳಿಗೆ ಕುಂಕುಮ ತೂರಿದಂತೆ ತೋಟದ ಬೇಲಿ ದಾಟಿ, ಹುಣಸೆಮರ ದಾಟಿ ಹೊರಟೇ ಹೋದವು. ಬಿಳಿ ನೊಣಗಳು ಮಾತ್ರ ಇದ್ದಲ್ಲೇ ಇದ್ದವು. ಅವು ಆ ಹೊಗೆಗೆ ಒಗ್ಗಿಹೋಗಿದ್ದವು.

ಗುದ್ಲೆಪ್ಪ ಹೊಗೆಯ ಬಟ್ಟಲು ಹಿಡಿದುಕೊಂಡೇ ನೆಲಕ್ಕೆ ಕುಳಿತ. ಬಾಣಂತಿಗೆ ಬೇಡವಾದವರು ನಿಲ್ಲಲಿಲ್ಲ, ಅವಳ ಮನಸ್ಸಿನಲ್ಲಿ ಈ ಸಂಬಂಧವಿಲ್ಲ ಎಂದು ಅವನು ಅರ್ಥ ಮಾಡಿಕೊಂಡ. ಎರಡನೆಯ ಗಡಿಗೆ ತರಿಸೋಣವೆಂದು ಅನ್ನವ್ವ ಅಂದರೆ, ಹೊಗೆ ನಿಲ್ಲಿಸುವುದು ಮಾತ್ರ ತನ್ನಿಂದಾಗದು ಎಂದ. ಮೂರು ತಲೆಮಾರಿನ ಸೋಮವಾರ ಅದು. ಆಗ ಎಲೆ ಆರಿಸುತ್ತ ಕುಳಿತಿದ್ದ ಒಬ್ಬ ಹೆಂಗಸು ಕೇಳಿದಳು: “ಗುದ್ಲೆಪ್ಪಣ್ಣಾ, ಬಾಣಂತಿಗೆ ಹೊಗಿ ಕೊಡ್ತೀರಿ, ಖರೆ. ಬಾಣಂತಿ ನೋಡಾಕ ಬಂದು ಊಟಕ್ಕ ಕುಂತ ಬೀಗರಿಗೆ ಯಾರರ ಹೊಗಿ ಹಾಕ್ತಾರೇನ್ರಿ?”

ಆ ಹೆಂಗಸು ಯಾರೆಂದು ದಾವಲಬಿ ಹೇಳಲಿಲ್ಲ. ಕಥೆ ಕೇಳುತ್ತ ಪಕ್ಕದಲ್ಲಿ ಕುಳಿತಿದ್ದ ಶೇಖವ್ವ, “ಆಕೀನ ಈಕಿ,” ಎಂದು ಅವಳ ತೊಡೆ ತಟ್ಟಿದಳು. ದಾವಲಬಿ ಕೈಯಲ್ಲಿದ್ದ ಎಲೆಯನ್ನು ಎರಡು ಸಲ ಒರೆಸಿ ಕಥೆ ಮುಂದುವರಿಸಿದಳು.

ಗುದ್ಲೆಪ್ಪ ಆ ಮಾತನ್ನು ಬಹಳ ಹೊತ್ತು ತಲೆಯಲ್ಲಿ ತಿರುಗಿಸಿದ. ಬೀಗರು ಉಣ್ಣುವಾಗ ಹೊಗೆ ಹಾಕಿದರೆ ಅದು ಎಬ್ಬಿಸಿ ಕಳಿಸಿದಂತೆಯೇ ಸರಿ. ಬೀಗರು ಎದ್ದ ಮನೆಯಲ್ಲಿ ಬಾಣಂತಿಗೂ ಮರ್ಯಾದೆಯಿಲ್ಲ. ಕಟ್ಟಳೆಯೊಳಗೇ ದಾರಿ ಸಿಕ್ಕಿತು. ಬೀಗರು ಇರುವಷ್ಟು ದಿನ ತೋಟದಲ್ಲಿ ಹೊಗೆಯಿಲ್ಲ ಎಂದು ಅವನೇ ಸಾರಿದ.

ಎರಡನೆಯ ಗಡಿಗೆ ಬಂತು. ಈ ಸಲ ಅನ್ನವ್ವ ಬಿಸಿಲು ಇಳಿಯುವವರೆಗೂ ಕಾದಳು, ಬಳ್ಳಿಗಳ ಮೇಲೆ ನೀರು ಚಿಮುಕಿಸಿದಳು, ಒಂದೊಂದು ಬುಡಕ್ಕೆ ಹತ್ತು ಹದಿನೈದರಂತೆ ಬಿಟ್ಟಳು. ಹುಳಗಳು ನೀರಿನ ಹನಿಗೆ ಬಾಯಿ ಹಚ್ಚಿದವು, ಬಳಿಕ ಎಲೆಯ ಬೆನ್ನಿಗೆ ಹೋದವು. ಮರುದಿನ ಬೆಳಿಗ್ಗೆ ಎಷ್ಟೋ ಹಾರಿಹೋಗಿದ್ದವು, ಎಷ್ಟೋ ಉಳಿದಿದ್ದವು. ಗುದ್ಲೆಪ್ಪನಿಗೆ ಬೆಳಿಗ್ಗೆ ತೋಟಕ್ಕೆ ಹೋಗಿ “ಊಟ ಆತ್ರೇನ?” ಎಂದು ಬಳ್ಳಿಯ ಬುಡದಲ್ಲಿ ನಿಂತು ಕೇಳುವುದು ರೂಢಿಯಾಯಿತು. ಸೋಮವಾರ ಬಂದರೆ ಮಾತ್ರ ಅವನ ಕೈ ಸುಮ್ಮನಿರದು. ಲೋಬಾನವನ್ನು ಕೊಟ್ಟಿಗೆಗೆ ಒಯ್ದು ಎತ್ತುಗಳಿಗೆ ಕೊಟ್ಟ. ಆ ತಿಂಗಳು ಅವನ ಎತ್ತುಗಳು ಬೀದಿಯಲ್ಲಿ ಹೋದರೆ ಜನ ತಿಳಿಯದೆ ಕೈ ಮುಗಿಯುತ್ತಿದ್ದರಂತೆ.

ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ಗುದ್ಲೆಪ್ಪ ತೋಟದಿಂದ ಬಿಳಿಚಿದ ಮುಖ ಹೊತ್ತು ಓಡಿಬಂದ. ಎಲೆಗಳ ಮೇಲೆ ಹೊಸದೊಂದು ಪೀಡೆ ಕಾಣಿಸಿಕೊಂಡಿತ್ತು. ಕರಿಯ ಮೈ, ಕಿತ್ತಳೆ ಪಟ್ಟೆ, ಮೈಮೇಲೆ ಮುಳ್ಳು, ಆರು ಕಾಲು. ಹರಿದಾಡುವ ಚೆಂದ ನೋಡಿದರೆ ಜೋಳದ ಕಾಳಿನಷ್ಟು ಚಿಕ್ಕ ಮೊಸಳೆ. ಬೀಗರೆಂದು ಕರೆದುಕೊಂಡರೆ ಪೀಡೆ ತಂದು ಬಿಟ್ಟು ಹೋದರಲ್ಲ ಎಂದು ಅವನು ಬೂದಿಯ ಬುಟ್ಟಿ ಎತ್ತಿಕೊಂಡ. ತೋಟಕ್ಕೆಲ್ಲ ಬೂದಿ ಎರಚಿ, ಸಿಕ್ಕದ್ದನ್ನು ಹೊಸಕಿಹಾಕುವುದು ಅವನ ನಿರ್ಧಾರ. ಹೋಳಿ ಹುಣ್ಣಿಮೆಗೆ ಒಂದೇ ತಿಂಗಳಿತ್ತು.

ಅನ್ನವ್ವ ತೋಟದ ಬಾಗಿಲಿಗೆ ಅಡ್ಡ ನಿಂತಳು. ಆ ಕರಿಯ ಹುಳಗಳು ಎಲ್ಲಿಂದ ಬಂದವೆಂದು ಅವಳಿಗೆ ಗೊತ್ತಿತ್ತು. ಎಲೆಯ ಬೆನ್ನಿಗೆ ಗುಲಗಂಜಿ ಹುಳ ನೆಟ್ಟಗೆ ನಿಲ್ಲಿಸಿದ ಹಳದಿ ತತ್ತಿಗಳನ್ನು ಅವಳು ದಿನವೂ ನೋಡಿದ್ದಳು, ಅವು ಒಡೆದದ್ದನ್ನೂ ನೋಡಿದ್ದಳು.

“ಅವು ಅವರ ಕೂಸುಗಳಪ್ಪಾ.”

“ಅಂಥಾ ಕೆಂಪನ್ನ ಮಂದಿಗೆ ಇಂಥಾ ಕೂಸು ಹುಟ್ತಾವೇನ?”

“ಹುಟ್ಟಿದಾಗ ನಾನೂ ಕರ್ರಗ ಇದ್ನಂತ. ನೀನ ಹೇಳ್ತಿದ್ದಿ. ನನ್ನ ಮ್ಯಾಲೆ ಬೂದಿ ಎರಚಿದ್ಯೇನ ನೀ?”

ಗುದ್ಲೆಪ್ಪ ಬುಟ್ಟಿ ಇಳಿಸಲಿಲ್ಲ, ಆದರೆ ಹೆಜ್ಜೆಯನ್ನೂ ಮುಂದಿಡಲಿಲ್ಲ. ಒಂದು ಮಧ್ಯಾಹ್ನದವರೆಗೆ ತಡೆ ಎಂದು ಅವಳು ಬೇಡಿಕೊಂಡಳು. ನೊಣದ ಮರಿ ಕಿಕ್ಕಿರಿದ ಒಂದು ಎಲೆಯನ್ನು ಕಿತ್ತು ಹಿತ್ತಾಳೆಯ ತಟ್ಟೆಯಲ್ಲಿ ಮಗುಚಿಟ್ಟಳು. ಅದರ ಮೇಲೆ ಒಂದು ಕರಿಯ ಹುಳವನ್ನು ಬಿಟ್ಟಳು. ಗುದ್ಲೆಪ್ಪ, ಮುನಾಫ, ಎಲೆ ಆರಿಸುವ ಹೆಂಗಸರು, ಎಲ್ಲರೂ ತಟ್ಟೆಯ ಸುತ್ತ ಕುಳಿತರು. ಹುಳ ಮೊದಲು ಎಲೆಯ ಅಂಚನ್ನೆಲ್ಲ ಸುತ್ತಿತು. ಅನಂತರ ಒಂದು ಮರಿಯ ಮುಂದೆ ನಿಂತಿತು, ಬಾಯಿ ಇಟ್ಟಿತು. ಆ ಮರಿ ಇದ್ದ ಜಾಗದಲ್ಲಿ ಬರಿಯ ಸಿಪ್ಪೆ ಉಳಿಯಿತು. ಇನ್ನೊಂದು. ಮತ್ತೊಂದು. ಮುನಾಫ ಸಂತೆಯಲ್ಲಿ ಎಲೆ ಎಣಿಸುವ ದನಿಯಲ್ಲಿ ಎಣಿಸತೊಡಗಿದ. ನಲವತ್ತು ದಾಟಿದಾಗ ಗುದ್ಲೆಪ್ಪ ಬೂದಿಯ ಬುಟ್ಟಿಯನ್ನು ಕಾಲಿಂದ ಹಿಂದಕ್ಕೆ ಸರಿಸಿದ. ಅರವತ್ತಕ್ಕೆ ಮುನಾಫ ಎಣಿಕೆ ಬಿಟ್ಟು, ಇಷ್ಟು ಉಣ್ಣುವ ಕೂಸನ್ನು ತನ್ನ ಜನ್ಮದಲ್ಲಿ ಒಂದನ್ನೇ ನೋಡಿದ್ದು, ಅದು ತನ್ನ ತಮ್ಮ ದಿಲಾವರ ಎಂದ. ಗುದ್ಲೆಪ್ಪ ನಕ್ಕ. ಎರಡು ತಿಂಗಳಿಂದ ಅವನು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

ಅಲ್ಲಿಂದ ಮುಂದೆ ತೋಟದಲ್ಲಿ ಯಾರೂ ಕೈ ಹಾಕಲಿಲ್ಲ. ಕರಿಯ ಕೂಸುಗಳು ಉಂಡು ಉಂಡು ದಪ್ಪವಾದವು, ಎಲೆಗೆ ಅಂಟಿಕೊಂಡು ನಿದ್ದೆಹೋದವು, ಬೆನ್ನು ಒಡೆದು ಕೆಂಪಾಗಿ ಹೊರಗೆ ಬಂದವು. ಬಳ್ಳಿ ಜಾಡಿಸಿದರೆ ಹಿಟ್ಟು ಏಳುವುದು ಕಡಿಮೆಯಾಯಿತು. ಮಸಿ ಕಟ್ಟಿದ ಹಳೆಯ ಎಲೆಗಳನ್ನು ಅನ್ನವ್ವ ಸವರಿಹಾಕಿದಳು. ಕುಡಿಯಿಂದ ಹೊಸ ಎಲೆ ಒಡೆಯಿತು. ತೆಳು ಹಸಿರು, ಅಂಗೈಯಷ್ಟು ಅಗಲ, ಬೆಳಕಿಗೆ ಹಿಡಿದರೆ ನರಗಳೆಲ್ಲ ಕಾಣುವಂಥದು.

ಹುಣ್ಣಿಮೆಯ ಹಿಂದಿನ ದಿನ ಹತ್ತಿಮತ್ತೂರಿನ ಬಂಡಿ ಬಂತು. ಮುದಕವ್ವ ಇಳಿದವಳೇ ನೀರೂ ಮುಟ್ಟದೆ ಪಡಸಾಲೆಯಲ್ಲಿ ಕುಳಿತು ಉಡಿ ಹರವಿದಳು. ಅನ್ನವ್ವ ಬೆಳಿಗ್ಗೆ ಕೊಯ್ದ ನೂರಾ ಒಂದು ಎಲೆಯನ್ನು ಒದ್ದೆ ಬಟ್ಟೆಯಲ್ಲಿ ತಂದಿಟ್ಟಳು. ಮಲ್ಲೇಶಪ್ಪ ಕಂಬದ ಮರೆಗೆ ನಿಂತಿದ್ದ. ಎಣಿಕೆ ಆರಂಭವಾಯಿತು. ಮುದಕವ್ವ ಪ್ರತಿ ಎಲೆಯನ್ನೂ ಬಾಗಿಲ ಬೆಳಕಿಗೆ ಹಿಡಿದಳು, ಹೆಬ್ಬೆರಳಿನಿಂದ ಬೆನ್ನು ಸವರಿದಳು, ಬೆರಳಿಗೆ ಮಸಿ ಬಂತೇ ಎಂದು ನೋಡಿಕೊಂಡಳು. ಮೂವತ್ತಾಯಿತು, ಐವತ್ತಾಯಿತು. ಬೆರಳು ಶುದ್ಧವಾಗಿಯೇ ಇತ್ತು. ಎಪ್ಪತ್ತೇಳನೆಯ ಎಲೆ ಮಗುಚಿದಾಗ ಅವಳ ಕೈ ನಿಂತಿತು. ಎಲೆಯ ನಡುನರದ ಪಕ್ಕದಲ್ಲಿ, ಸಾಸಿವೆಗಿಂತ ಸಣ್ಣದಾಗಿ, ಒತ್ತೊತ್ತಾಗಿ ಹಳದಿ ಗುರುತು.

“ಇದೇನಬೇ ಕಲಿ?”

ಗುದ್ಲೆಪ್ಪ ತೋಟದ ಕಡೆ ನೋಡಿದ. ಅಲ್ಲಿ ಗುರುತಿಲ್ಲದ ಸಾವಿರ ಎಲೆಯಿದ್ದವು, ಆದರೆ ಎಣಿಕೆ ಆರಂಭವಾಗಿತ್ತು. ಅನ್ನವ್ವ ಹತ್ತಿರ ಬಂದು ಬಗ್ಗಿ ನೋಡಿದಳು. ಕೊಯ್ಯುವಾಗ ಅದು ಅವಳ ಕಣ್ಣಿಗೆ ತಪ್ಪಿತ್ತು. ಒರೆಸಿದರೆ ಹೋಗುವಂಥದು, ಸೆರಗಿನ ತುದಿಯಿಂದ ಒಮ್ಮೆ ಎಳೆದರೆ ಸಾಕಿತ್ತು. ಅವಳು ಸೆರಗು ಮುಟ್ಟಲಿಲ್ಲ.

“ಕಲಿ ಅಲ್ರಿ ಅತ್ತಿ, ತತ್ತಿ. ನಿಮ್ಮ ಹೊಲದಿಂದ ಬಂದಾವಲ್ಲ, ಅವರವು. ಒರಸಬ್ಯಾಡ್ರಿ, ಸಾಯ್ತಾವು.”

ಮುದಕವ್ವ ಎಲೆಯನ್ನು ಇನ್ನೂ ಹತ್ತಿರ ಹಿಡಿದಳು. ತನ್ನ ಹೊಲದ ಹುಳ ಇಲ್ಲಿಗೆ ಬಂದು, ಇಲ್ಲಿ ಉಂಡು, ಇಲ್ಲಿಯೇ ತತ್ತಿ ಇಟ್ಟಿತೇ ಎಂದು ಮೆಲ್ಲಗೆ ಕೇಳಿದಳು. ಹೌದೆಂದಳು ಅನ್ನವ್ವ, ಇವು ಎರಡನೆಯ ಸಲದವು, ಮೊದಲ ಸಲದವು ಆಗಲೇ ರೆಕ್ಕೆ ಬಂದು ತೋಟ ಕಾಯುತ್ತಿವೆ ಎಂದಳು.

ಮುದಕವ್ವ ಕಂಬದ ಕಡೆ ತಿರುಗಿದಳು. “ಕೇಳಿದೇನಪಾ ಮಲ್ಲೇಶಿ? ಮದಿವಿ ಇನ್ನೂ ಆಗಿಲ್ಲ, ಮೊಮ್ಮಕ್ಕಳು ಎರಡ ಸರತೆ ಹುಟ್ಯಾವು. ಇನ್ನ ತಡಾ ಮಾಡಿದ್ರ ಮಂದಿ ಏನಂದಾರು?”

ಮೊದಲು ನಕ್ಕವನು ಮುನಾಫ. ಬಳಿಕ ಪಡಸಾಲೆಯೇ ನಕ್ಕಿತು. ಮಲ್ಲೇಶಪ್ಪ ಕಂಬಕ್ಕೆ ಹಣೆ ಆನಿಸಿ ನಕ್ಕ. ಮುದಕವ್ವ ಮಾತ್ರ ನಗದೆ “ಎಪ್ಪತ್ತೇಳು” ಎಂದು ಗಟ್ಟಿಯಾಗಿ ಎಣಿಸಿ, ಎಲೆಯನ್ನು ಬೇರೆಯಾಗಿಟ್ಟು, ಉಳಿದವನ್ನು ನೂರಾ ಒಂದರವರೆಗೂ ಹಾಗೆಯೇ ಬೆರಳಿಂದ ಸವರಿ ನೋಡಿ ಮುಗಿಸಿದಳು. ನೂರು ಎಲೆ ಉಡಿಯಲ್ಲಿ ಕಟ್ಟಿಕೊಂಡಳು. ಬೇರೆಯಾಗಿಟ್ಟದ್ದನ್ನು ಹಿಡಿದು, ಹೊರಗೆ ಕಾಲು ತೊಳೆದುಕೊಂಡು, ಅನ್ನವ್ವನೊಡನೆ ತೋಟಕ್ಕೆ ಹೋದಳು. ತನ್ನ ಸೆರಗಿನಿಂದ ಒಂದು ಎಳೆ ಕಿತ್ತು ಆ ಎಲೆಯನ್ನು ನೊಣ ಇನ್ನೂ ಉಳಿದಿದ್ದ ಒಂದು ಬಳ್ಳಿಗೆ ಕಟ್ಟಿದಳು. ಅದೂ ತನಗೆ ಸಂದದ್ದೇ, ಇಲ್ಲಿರಲಿ, ಕೂಸುಗಳಿಗೆ ಪ್ರಯಾಣ ಆಗಿಬರುವುದಿಲ್ಲ ಎಂದು ಸೊಸೆಗೆ ಹೇಳಿದಳು. ಆಮೇಲೆ ಬಂದು ನೀರು ಕೇಳಿ ಕುಡಿದಳು.

ದಾವಲಬಿ ಇಲ್ಲಿಗೆ ನಿಲ್ಲಿಸಿದಳು. ರಟ್ಟೀಹಳ್ಳಿಯ ಹುಡುಗಿಯ ಗತಿ ಏನಾಯಿತೆಂದು ಒಬ್ಬಾಕೆ ಕೇಳಿದಳು. ಅವಳಿಗೆ ಮೊದಲೇ ಹಿರೇಕೆರೂರಿನ ಹುಡುಗನೊಬ್ಬ ಮನಸ್ಸಿಗೆ ಬಂದಿದ್ದ, ಈ ಸುದ್ದಿ ಕೇಳಿ ಅವಳೇ ಓಣಿಗೆಲ್ಲ ಸಕ್ಕರೆ ಹಂಚಿದಳು ಎಂದು ಉತ್ತರ ಬಂತು. ಅಷ್ಟರಲ್ಲಿ ಕಟ್ಟುಗಳೆಲ್ಲ ಮುಗಿದಿದ್ದವು. ಶೇಖವ್ವ ಒದ್ದೆ ಗೋಣಿತಟ್ಟನ್ನು ಎಲೆಬುಟ್ಟಿಗಳ ಮೇಲೆ ಹೊದಿಸಿದಳು. ಹೊರಗೆ ಜಿನುಗು ಮಳೆ ಹಿಡಿದಿತ್ತು. ಹೆಂಗಸರು ಉಡಿ ಜಾಡಿಸಿ ಎದ್ದರು, ಮಂಡಿ ಹಿಡಿದವರಿಗೆ ಕೈ ಕೊಟ್ಟು ಎಬ್ಬಿಸಿದರು. ತಲೆಗೆ ಸೆರಗು ಹೊದ್ದು, ಕೆಸರಿನಲ್ಲಿ ಒಬ್ಬರ ಹೆಜ್ಜೆಯಲ್ಲಿ ಒಬ್ಬರು ಹೆಜ್ಜೆಯಿಡುತ್ತ, ಸಂಜೆಯ ರೊಟ್ಟಿಗೆ ಹಿಟ್ಟು ಉಳಿದಿದೆಯೋ ಇಲ್ಲವೋ ಎಂದು ಮಾತಾಡಿಕೊಳ್ಳುತ್ತ ಮನೆಗಳಿಗೆ ಹೋದರು.